ಗೇಟಿನ ಹೊರಗೆ ನಾವು, ಒಳಗೆ ನಮ್ಮ ಬದಲಿ

ಜೂನ್ 2. ಬೆಳಿಗ್ಗೆ 5:20

ಈ ನೋಟ್‌ಬುಕ್ ಕೈಗೆತ್ತಿಕೊಂಡವರು ಯಾರೇ ಆಗಲಿ, ಎಲ್ಲಿತ್ತೋ ಅಲ್ಲಿ ಇಡಿ. ಬೇರೆಯವರ ಪಾತ್ರೆಯ ಮುಚ್ಚಳ ತೆಗೆದು ಮೂಗು ತೂರಿಸುವ ಚಾಳಿ ಒಳ್ಳೆಯದಲ್ಲ. ಮನೆಯಲ್ಲಿ ಕಸ ಇಲ್ಲವೆ? ಒಲೆಯ ಮೇಲೆ ಏನೂ ಇಟ್ಟಿಲ್ಲವೆ? ಅಷ್ಟು ಬಿಡುವಿದ್ದರೆ ಹೋಗಿ ಕಿಟಕಿ ಒರೆಸಿ. ಹೇಳಿದ ಮೇಲೂ ಓದುತ್ತಿದ್ದೀರಿ. ನಾಚಿಕೆ ಅಂಗಡಿಯಲ್ಲಿ ಸಿಗುವ ಹಾಗಿದ್ದರೆ ನಾನೇ ಕಾಲು ಕೆಜಿ ಕಟ್ಟಿಸಿಕೊಂಡು ಬಂದು ಕೊಡುತ್ತಿದ್ದೆ. ನಾಲ್ಕನೇ ಕ್ಲಾಸಿನ ಅಕ್ಷರ ಇದು. ಕೊಂಬು, ದೀರ್ಘ ಎಲ್ಲಾದರೂ ಬಿಟ್ಟುಹೋಗಿದ್ದರೆ ನಗಬೇಡಿ.

ನೋಟ್‌ಬುಕ್ ಕೊಟ್ಟವಳು ಸಂಘದ ಮೇಡಂ. ಮನೆಕೆಲಸದವರಿಗೂ ಸಂಘ ಬೇಕು ಎಂದು ನಮ್ಮನ್ನೆಲ್ಲ ಒಟ್ಟು ಹಾಕಿದ ಹುಡುಗಿ. ಯಾವ ಮನೆಗೆ ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಿಟ್ಟೆ, ದಿನಾ ಬರೆಯಬೇಕಂತೆ. ನಾಳೆ ಜಗಳ ಬಂದರೆ ನಮ್ಮ ಕೈಯಲ್ಲೂ ಒಂದು ಕಾಗದ ಇರಲಿ ಎಂದಳು.

ನಿನ್ನೆಯ ಲೆಕ್ಕ: ಇನ್ 6:10, ನಾಲ್ಕನೇ ಮಹಡಿ. ಔಟ್ 8:00. ಇನ್ 8:05, ಏಳನೇ ಮಹಡಿ. ಔಟ್ 11:30. ಇನ್ 11:40, ಹತ್ತನೇ ಮಹಡಿ. ಔಟ್ 1:15.

ಮೂವತ್ತೊಂದು ವರ್ಷ. ಕಟ್ಟಡ ಬೇರೆ ಬೇರೆ, ಪಾತ್ರೆ ಅದೇ. ಬರೆದರೆ ಒಂದೇ ಸಾಲು.

ಜೂನ್ 3. ಮಧ್ಯಾಹ್ನ 1:30

ಐದನೇ ಮಹಡಿಗೂ ಆರನೇ ಮಹಡಿಗೂ ನಡುವಿನ ಮೆಟ್ಟಿಲು. ನಾವು ಊಟ ಮಾಡುವ ಜಾಗ. ಯಾರ ಬಾಗಿಲಿಗೂ ಕಾಣುವುದಿಲ್ಲ.

ಬಿಗಿಜಡೆ ಬಂದಳು. ತಲೆಯ ಚರ್ಮ ಕಿತ್ತು ಬರುವ ಹಾಗೆ ಜಡೆ ಹಾಕುತ್ತಾಳೆ, ಅದಕ್ಕೇ ಆ ಹೆಸರು. ನಲವತ್ತು ದಾಟಿಲ್ಲ. ಹಿಂದೆ ಮುಂದೆ ಯಾರೂ ಇಲ್ಲ, ದೂರದಲ್ಲಿ ಒಬ್ಬಳು ಅಕ್ಕ. ಐದು ಮನೆ ಮಾಡುತ್ತಾಳೆ, ಐದೂ ಇದೇ ಕಟ್ಟಡದಲ್ಲಿ. ಮಾತು ಕಡಿಮೆ. ಅವಳ ಪಾಲಿನದನ್ನೂ ನಾನೇ ಆಡುತ್ತೇನೆ.

"ಅಜ್ಜಿ, ಸಂಘಕ್ಕೆ ಹೆಸರು ಬರೆಸಿದ್ದೀನಿ. ಏನೂ ಆಗಲ್ಲ ತಾನೆ?"

"ಏನಾಗುತ್ತೆ? ಕೊಂಬು ಬರುತ್ತೆ. ತಿನ್ನು."

"ನೀವು ಇದ್ದೀರಲ್ಲ, ಅದಕ್ಕೇ ಬರೆಸಿದೆ."

ಅನ್ನ ಬಾಯಲ್ಲಿತ್ತು. ಡಬ್ಬಿಯ ಉಪ್ಪಿನಕಾಯಿ ಅವಳ ಕಡೆ ತಳ್ಳಿದೆ.

ಜೂನ್ 6. ಮಧ್ಯಾಹ್ನ

ಕಟ್ಟಡದಲ್ಲಿ ಎರಡು ಲಿಫ್ಟು. ಒಂದು ಮನೆಯವರಿಗೆ. ಇನ್ನೊಂದು ನಮಗೆ, ಕಸದ ಡಬ್ಬಿಗೆ, ಮನೆ ಖಾಲಿ ಮಾಡುವವರ ಬೀರುವಿಗೆ. ನಾಯಿಗಳು ಮನೆಯವರ ಲಿಫ್ಟಿನಲ್ಲಿ.

ನಮ್ಮದು ನಾಲ್ಕು ದಿನದಿಂದ ಕೆಟ್ಟಿದೆ. ನಿನ್ನೆ ಬಿಗಿಜಡೆ ಹನ್ನೊಂದನೇ ಮಹಡಿಯವರ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ತಾರಸಿಗೆ ಹೋಗಬೇಕಿತ್ತು. ಮೊಣಕಾಲು ಊದಿಕೊಂಡಿದೆ. ಮನೆಯವರ ಲಿಫ್ಟು ಹತ್ತಿದಳು. ಹನ್ನೊಂದನೇ ಮಹಡಿಯ ಯಜಮಾನಿಯೇ ಒಳಗಿದ್ದಳಂತೆ. ಬುಟ್ಟಿಯಲ್ಲಿದ್ದದ್ದು ಅವಳದೇ ಬಟ್ಟೆ. ಅವಳೇ ಕಂಪ್ಲೇಂಟ್ ಕೊಟ್ಟಳು. ನೆಲ ಒದ್ದೆಯಾಯಿತು, ಹೇಳಿದ್ದಕ್ಕೆ ಎದುರು ಮಾತಾಡಿದಳು ಎಂದು.

ಎದುರು ಮಾತು. ಬಿಗಿಜಡೆ. ಅವಳಿಗೆ ಸೀನು ಬಂದರೂ ಪಕ್ಕದವರನ್ನು ಕೇಳಿ ಸೀನುತ್ತಾಳೆ.

ಇವತ್ತು ಬೆಳಿಗ್ಗೆ ಗೇಟಿನ ಮೆಷಿನ್ನಿಗೆ ಕಾರ್ಡ್ ತೋರಿಸಿದಳು. ಕೆಂಪು ದೀಪ. ಇನ್ನೊಂದು ಸಲ ತೋರಿಸಿದಳು. ಕೆಂಪು. ವಾಚ್‌ಮ್ಯಾನ್ ತಲೆ ತಗ್ಗಿಸಿ ಹೇಳಿದ, "ಬ್ಲಾಕ್ ಆಗಿದೆ ಅಕ್ಕ. ನನ್ನ ಕೈಲಿ ಏನೂ ಇಲ್ಲ."

ಒಂದು ಮನೆಯ ಕಂಪ್ಲೇಂಟಿಗೆ ಐದು ಮನೆ ಹೋಯಿತು. ಇನ್ನೂ ಗೇಟಿನ ಹೊರಗೆ ನಿಂತಿದ್ದಾಳೆ. ಹತ್ತನೇ ಮಹಡಿಯ ಕಿಟಕಿಯಿಂದ ಜಡೆ ಕಾಣುತ್ತದೆ.

ಜೂನ್ 7. ಬೆಳಿಗ್ಗೆ 11:35

ಬ್ಲಾಕ್ ಮಾಡಿಸಿದವನು ಕಟ್ಟಡದ ಸೆಕ್ರೆಟರಿ. ನಾನು ಹೋಗುವ ಏಳನೇ ಮಹಡಿ ಅವನದೇ. ಅವನ ತಾಯಿಯನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಎಂಬತ್ತಾರರ ಮುದುಕಿ, ಸೊಂಟದ ಮೂಳೆ ಮುರಿದು ಎರಡು ವರ್ಷದಿಂದ ಹಾಸಿಗೆಯಲ್ಲೇ. ಒರೆಸಬೇಕು, ಮಗ್ಗುಲು ತಿರುಗಿಸಬೇಕು, ಬೆಡ್‌ಪ್ಯಾನ್ ಇಡಬೇಕು. ಅವಳ ನಾಲಿಗೆ ನನ್ನದಕ್ಕಿಂತ ಒಂದು ಗೇಣು ಉದ್ದ.

ಅವನು ಟೈ ಕಟ್ಟಿಕೊಳ್ಳುತ್ತಿದ್ದಾಗ ಕೇಳಿದೆ. ಬಿಗಿಜಡೆಯ ಕಾರ್ಡ್ ಬಿಡಿಸಿ ಎಂದೆ.

"ನೋಡಿ ಅಜ್ಜಿ, ಕಂಪ್ಲೇಂಟ್ ಬಂದಿದೆ, ಸಿಸ್ಟಮ್ ಬ್ಲಾಕ್ ಮಾಡಿದೆ. ನಾನೇನು ಮಾಡಲಿ?"

"ಸಿಸ್ಟಮ್ ಅಂದ್ರೆ ಯಾರು? ನಿಮ್ಮ ತಮ್ಮನಾ?"

ಒಳಗಿನ ಕೋಣೆಯಿಂದ ಮುದುಕಿ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ಎಲ್ಲರೂ ರೂಲ್ಸ್ ಪ್ರಕಾರ ಇದ್ದರೆ ಎಲ್ಲರಿಗೂ ಒಳ್ಳೆಯದು ಎಂದ. ನಿಮಗೂ ವಯಸ್ಸಾಯಿತು, ಇದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎಂದ. ಬಾಗಿಲು ಹಾಕಿಕೊಂಡು ಹೋದ.

ಬೆಡ್‌ಪ್ಯಾನ್ ತೊಳೆದೆ. ಔಟ್ 11:30.

ಜೂನ್ 10. ಸಂಜೆ

ಇಸ್ತ್ರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೀಟಿಂಗ್. ಅರವತ್ತೆರಡು ಜನ. ಕೂರಲು ಜಾಗವಿಲ್ಲ. ಬಿಗಿಜಡೆ ಬಾಗಿಲ ಹತ್ತಿರ ನಿಂತಿದ್ದಳು, ಇಲ್ಲೂ ಕಾರ್ಡ್ ಕೇಳುತ್ತಾರೇನೋ ಎನ್ನುವ ಹಾಗೆ.

ಮೇಡಂ ಹೇಳಿದಳು — ಅರ್ಜಿ ಕೊಟ್ಟೆವು, ಉತ್ತರವಿಲ್ಲ. ಇನ್ನು ನಿಮ್ಮ ಕೈಲಿರೋದು ಒಂದೇ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ ಎದ್ದೆ. ಎದ್ದದ್ದು ಮೊಣಕಾಲು ನೋವಿಗೆ, ಆದರೆ ಎದ್ದ ಮೇಲೆ ಎಲ್ಲರೂ ನನ್ನನ್ನೇ ನೋಡಿದರು.

"ಇವತ್ತು ಅವಳ ಕಾರ್ಡು. ನಾಳೆ ನಿನ್ನದು. ನಾಡಿದ್ದು ನನ್ನದು. ಒಂದು ದಿನ, ಒಂದೇ ದಿನ, ಒಬ್ಬಳೂ ಒಳಗೆ ಹೋಗಬಾರದು. ಅವರ ಎಂಜಲು ತಟ್ಟೆ ಸಿಂಕಲ್ಲೇ ಒಣಗಲಿ. ಅವಾಗ ಗೊತ್ತಾಗುತ್ತೆ ನಾವಿದ್ದೀವಿ ಅಂತ."

ಚಪ್ಪಾಳೆ. 15ನೇ ತಾರೀಖು ಎಂದು ನಿಗದಿಯಾಯಿತು. ಬಿಗಿಜಡೆಯ ಐದು ಮನೆ ಯಾರೂ ಹಿಡಿಯಬಾರದು ಎಂದೂ ಮಾತಾಯಿತು.

ಹೊರಡುವಾಗ ಅವಳು ನನ್ನ ಚೀಲ ಹಿಡಿದುಕೊಂಡು ಮನೆಯವರೆಗೂ ಬಂದಳು. ಬಾಗಿಲಲ್ಲಿ ಚೀಲ ಕೊಟ್ಟು ಹೋದಳು.

ಜೂನ್ 14. ಸಂಜೆ 6:30

ನಾಳೆ.

ಬೋರ್ಡು ಬರೆದಾಯಿತು. ಕುಡಿಯುವ ನೀರಿನ ಕ್ಯಾನ್ ತೊಳೆದೆ. ಕೂರಲು ಹಳೆ ಚಾಪೆ ಮೂರು. ಸೊಸೆ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ನಾಳೆ ನಾನು ಒಳಗೆ ಹೋಗುವುದಿಲ್ಲ, ಏಳನೇ ಮಹಡಿಗೆ ಎಂಟು ಗಂಟೆಗೆ ನೀನು ಹೋಗಿ ಬಾ ಎಂದೆ. ಹೂಂ ಎಂದಳು. ಕಾಲಿಗೆ ಎಣ್ಣೆ ತಿಕ್ಕಿಕೊಂಡೆ. ಎಲ್ಲ ಆಯಿತು ಎನ್ನಿಸುತ್ತದೆ.

ಜೂನ್ 15. ಮಧ್ಯಾಹ್ನ 3:00

ಬರೆಯಬೇಕು. ಬರೆಯದಿದ್ದರೂ ಆದದ್ದು ಆಗಿದೆ.

ಆರು ಗಂಟೆಗೆ ಗೇಟಿನ ಎದುರು ಕೂತೆವು. ಅರವತ್ತೆರಡರಲ್ಲಿ ಅರವತ್ತು ಜನ. ಒಬ್ಬಳೂ ಕಾರ್ಡ್ ತೋರಿಸಲಿಲ್ಲ. ಬಿಗಿಜಡೆ ನಡುವೆ ಕೂತಿದ್ದಳು, ಬೋರ್ಡು ಹಿಡಿದು. ಅವಳು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ಆರೂವರೆಗೆ ಒಬ್ಬಳು ಬಂದಳು. ಮೂರನೇ ಮಹಡಿಯ ಅಡುಗೆಯವಳ ತಂಗಿ. ವಾಚ್‌ಮ್ಯಾನ್ ಹತ್ತಿರ ಬದಲಿ ಚೀಟಿ ಬರೆಸಿ ಒಳಗೆ ಹೋದಳು. ಆಮೇಲೆ ಇಬ್ಬರು. ಒಬ್ಬಳ ನಾದಿನಿ, ಒಬ್ಬಳ ಮಗಳು. ಆಮೇಲೆ ಸಾಲು ಹಿಡಿದು ಬಂದರು. ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವಳು.

ನಮ್ಮ ಕೆಲಸದಲ್ಲಿ ರಜೆ ಎಂದರೆ ಬದಲಿ. ಹೆರಿಗೆಯಾಗಲಿ, ಮನೆಯಲ್ಲಿ ಹೆಣ ಇರಲಿ, ಮನೆ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಬೇರೆ ಯಾರೋ ಬಂದು ಕೂರುತ್ತಾರೆ. ಅದಕ್ಕೇ ನಮ್ಮವರನ್ನೇ ಕಳಿಸುತ್ತೇವೆ, ಜಾಗ ಹಿಡಿದಿಡಲು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಹೀಗೆ ಮಾಡಿ ಎಂದು ಇವತ್ತು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ನಾಳೆ ಹೋಗುವುದಿಲ್ಲ ಎಂದ ಕೂಡಲೇ ಪ್ರತಿಯೊಬ್ಬಳೂ ಬದಲಿ ಹುಡುಕಿದ್ದಾಳೆ.

ನನಗೆ ರೇಗಿತು. ಎದ್ದು ನಿಂತು ಬೈದೆ. "ಬುದ್ಧಿ ಇದೆಯಾ ನಿಮಗೆ? ಹೊರಗೆ ಮುಷ್ಕರ, ಒಳಗೆ ಕೆಲಸ. ಮೊಸರು ಕಡೆಯೋಕೆ ಕೂತು ಬೆಣ್ಣೆ ಬೆಕ್ಕಿಗೆ ಹಾಕಿದ್ರಂತೆ." ತಲೆ ತಗ್ಗಿಸಿದರು. ವಾಚ್‌ಮ್ಯಾನ್ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಜ್ಜಿ, ದಿನಾ ಬರೋರಿಗಿಂತ ಇವತ್ತು ನಾಲ್ಕು ಜನ ಜಾಸ್ತಿನೇ ಬಂದಿದ್ದಾರೆ."

ಆಗ ಎಂಟು ಗಂಟೆ. ಸೊಸೆ ಬಂದಳು. ಕೈಯಲ್ಲಿ ನನ್ನದೇ ಚೀಲ. ಗೇಟಿಗೆ ಹೋಗಲಿಲ್ಲ, ಸೀದಾ ನನ್ನ ಹತ್ತಿರ ಬಂದಳು. ಎಲ್ಲರ ಎದುರು ಕೇಳಿದಳು.

"ಅತ್ತೆ, ಆ ಅಜ್ಜಿಯ ಬಿಳಿ ಮಾತ್ರೆ ತಿಂಡಿಗೆ ಮುಂಚೆನೋ, ಆಮೇಲೋ?"

"ಮುಂಚೆ" ಎಂದೆ.

ಬಾಯಿ ತಾನಾಗಿ ಹೇಳಿತು. ಆಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಅಷ್ಟರಲ್ಲಿ ಅವಳು ಚೀಟಿ ಬರೆಸಿ ಒಳಗೆ ಹೋಗಿದ್ದಳು. ಸೆಕ್ರೆಟರಿಯ ಮನೆಗೆ.

ಹಿಂದಿನ ಸಾಲಿನಲ್ಲಿ ಒಬ್ಬಳು ಅಂದಳು, "ಹೇಳೋದು ಶಾಸ್ತ್ರ, ಇಕ್ಕೋದು ಗಾಳ." ಇನ್ನೊಬ್ಬಳು, "ಅಜ್ಜಿ ಅವರ ಕಡೆಯೇ ಬಿಡೇ." ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಪಕ್ಕದ ಎಲೆಯ ನೊಣ ತೋರಿಸುತ್ತಿದ್ದೆ.

ಬಿಗಿಜಡೆ ಎದ್ದಳು. ಬೋರ್ಡನ್ನು ಗೋಡೆಗೆ ಒರಗಿಸಿದಳು. ಅಕ್ಷರ ಒಳಮುಖವಾಗಿ. ಚಪ್ಪಲಿ ಹಾಕಿಕೊಂಡು ಹೊರಟಳು. ಕೂಗಲಿಲ್ಲ ನಾನು. ಕೂಗಿ ಏನು ಹೇಳುವುದು?

ಹತ್ತೂವರೆಗೆ ಎಲ್ಲರೂ ಎದ್ದರು. ಚಾಪೆ ಸುತ್ತಿದೆ.

ಜೂನ್ 16

ಇನ್ 6:10. ಔಟ್ 8:00. ಇನ್ 8:05. ಔಟ್ 11:30. ಇನ್ 11:40. ಔಟ್ 1:15.

ಜೂನ್ 17

ಇನ್ 6:10. ಔಟ್ 8:00. ಇನ್ 8:05. ಔಟ್ 11:30. ಇನ್ 11:40. ಔಟ್ 1:15. ಮೆಟ್ಟಿಲ ಮೇಲೆ ಒಬ್ಬಳೇ ತಿಂದೆ. ಉಳಿದವರು ಎಂಟನೇ ಮಹಡಿಯ ಮೆಟ್ಟಿಲಿಗೆ ಹೋಗಿದ್ದಾರೆ.

ಜೂನ್ 21. ಸಂಜೆ

ಬಿಗಿಜಡೆಯ ಕೋಣೆಗೆ ಹೋದೆ. ಬೀಗ. ಪಕ್ಕದವಳು ಹೇಳಿದಳು, ಬುಧವಾರ ಬೆಳಿಗ್ಗೆ ಗಂಟುಮೂಟೆ ಕಟ್ಟಿದಳು, ಅಕ್ಕನ ಊರಿಗೆ. ಒಂದು ಬಕೆಟ್ ಬಿಟ್ಟು ಹೋಗಿದ್ದಾಳೆ, ನೀವು ಬೇಕಾದರೆ ಒಯ್ಯಿರಿ. ಬೇಡ ಎಂದೆ.

ಫೋನ್ ಮಾಡಿದೆ. ಸ್ವಿಚ್ ಆಫ್ ಎಂದು ಒಬ್ಬಳು ಇಂಪಾಗಿ ಹೇಳಿದಳು. ಮೂರು ಸಲ ಹೇಳಿದಳು.

ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಸಾಬೂನು ನೀರಿನಲ್ಲಿ ಕೈ ಇಟ್ಟೂ ಇಟ್ಟೂ ಬೆರಳ ತುದಿಗೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ ನನಗೆ. ಅದು ಮೇಲಕ್ಕೂ ಹತ್ತಿದೆ.

ಜುಲೈ 4. ಬೆಳಿಗ್ಗೆ 5:30

ಎರಡು ವಾರ ಏನೂ ಬರೆದಿಲ್ಲ. ಸೊಸೆಯ ಜೊತೆ ಮಾತೂ ಇಲ್ಲ. ಅವಳು ಅನ್ನ ಬಡಿಸುತ್ತಾಳೆ, ನಾನು ತಿನ್ನುತ್ತೇನೆ. ನಿನ್ನೆ ಮಷಿನ್ ನಿಲ್ಲಿಸಿ ಹೇಳಿದಳು.

"ಅತ್ತೆ, ಹೋಗು ಅಂದೋರು ನೀವು. ಈಗ ಮುಖ ತಿರುಗಿಸೋರೂ ನೀವೇ."

"ನಿನಗೆ ಗೊತ್ತಿರಲಿಲ್ವಾ ಅವತ್ತು ಮುಷ್ಕರ ಅಂತ?"

"ಗೊತ್ತಿತ್ತು. ಮುಷ್ಕರ ನಿಮ್ಮ ಸಂಘದ್ದು. ನಾನು ಸಂಘದಲ್ಲಿ ಎಲ್ಲಿದ್ದೀನಿ? ನಿಮ್ಮ ಕಾಲು ನೋವು ಅಂದ್ರೆ ಹೋಗ್ತೀನಿ, ಜ್ವರ ಅಂದ್ರೆ ಹೋಗ್ತೀನಿ, ಹೋಗು ಅಂದ್ರೆ ಹೋಗ್ತೀನಿ. ಆ ಮೂರನೇ ಮಹಡಿ ಅಡುಗೆಯವಳ ತಂಗೀನೂ ಅಷ್ಟೆ. ನಮ್ಮನ್ನ ಯಾರು ಕೇಳಿದ್ರಿ ನೀವು?"

ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತೆ.

"ಇನ್ನೊಂದು ವಿಷಯ. ಅವತ್ತು ಹನ್ನೊಂದನೇ ಮಹಡಿಯಮ್ಮ ಮೆಟ್ಟಿಲಲ್ಲಿ ನನ್ನ ತಡೆದಳು. ಬಿಗಿಜಡೆ ಜಾಗಕ್ಕೆ ಬರ್ತೀಯಾ ಅಂದಳು. ಐದೂ ಮನೆ ಮಾತಾಡಿ ಕೊಡಿಸ್ತೀನಿ ಅಂದಳು."

"ನೀನೇನಂದೆ?"

"ನನ್ನ ಅತ್ತೆಗೆ ಮೂರು ಮನೆ ಮಾಡೋಷ್ಟರಲ್ಲೇ ನಾಲಿಗೆ ಇಷ್ಟುದ್ದ ಆಗಿದೆ, ಐದು ಮಾಡಿದ್ರೆ ನನ್ನ ಗತಿ ಏನು ಅಂದೆ."

ನಗು ಬರಬೇಕಿತ್ತು. ಅನ್ನ ಬಡಿಸು ಎಂದೆ. ಬಡಿಸಿದಳು.

ಜುಲೈ 8. ಸಂಜೆ

ಮೇಡಂ ಹತ್ತಿರ ಹೋಗಿ ಸೊಸೆಯ ಮಾತನ್ನು ಹಾಗೆಯೇ ಹೇಳಿದೆ. ಮೇಡಂ ಓದಿದವಳು, ಆದರೆ ಮನೆಕೆಲಸ ಮಾಡಿದವಳಲ್ಲ. ಬದಲಿಯ ವಿಷಯ ಅವಳಿಗೂ ಹೊಳೆದಿರಲಿಲ್ಲವಂತೆ.

ಶೆಡ್ಡಿನಲ್ಲಿ ಮತ್ತೆ ಮೀಟಿಂಗ್. ಈ ಸಲ ಪ್ರತಿಯೊಬ್ಬಳೂ ತನ್ನ ಬದಲಿಯನ್ನು ಕೈ ಹಿಡಿದು ಕರೆತರಬೇಕು ಎಂದಿದ್ದೆವು. ಒಳಗೆ ಹಿಡಿಸದೆ ರಸ್ತೆಯಲ್ಲಿ ನಿಂತರು. ಜೋಡಿ ಜೋಡಿಯಾಗಿ ಹೆಸರು ಬರೆದೆವು. ಇವಳಿಗೆ ಇವಳು ಬದಲಿ, ಅವಳಿಗೆ ಅವಳು. ಬದಲಿಗೂ ಒಬ್ಬಳು ಬದಲಿ ಇದ್ದಳು, ಅವಳನ್ನೂ ಬರೆದೆವು. ಬರೆದು ಮುಗಿಸಿದಾಗ ನೂರ ನಲವತ್ತು ದಾಟಿತ್ತು. ಇಷ್ಟು ಜನ ಇದ್ದೇವೆ ಎಂದು ನಮಗೇ ಗೊತ್ತಿರಲಿಲ್ಲ.

ನಾನು ಎದ್ದು ನಿಂತು ಹೇಳಿದೆ. "ಅವತ್ತು ನಿಮ್ಮನ್ನೆಲ್ಲ ಬೈದೆ. ನನ್ನ ಸೊಸೆಯನ್ನ ಕಳಿಸಿದ್ದು ನಾನೇ." ಅಷ್ಟೇ. ಕೂತೆ.

"ಗೊತ್ತು ಬಿಡಿ ಅಜ್ಜಿ, ಮಾತ್ರೆ ಮುಂಚೆ" ಎಂದಳೊಬ್ಬಳು. ಶೆಡ್ಡೆಲ್ಲ ನಕ್ಕಿತು.

ಸೊಸೆ ಮೊದಲ ಸಹಿ ಹಾಕಿದಳು. ಮುಷ್ಕರ 14ರಿಂದ, ಬಿಗಿಜಡೆಯ ಕಾರ್ಡ್ ಬಿಡುವವರೆಗೆ.

ಜುಲೈ 13. ಬೆಳಿಗ್ಗೆ 11:00

ಮುದುಕಿಗೆ ಹೇಳದೆ ಹೋಗಲು ಮನಸ್ಸಾಗಲಿಲ್ಲ. ಬೆನ್ನು ಒರೆಸುತ್ತ ಹೇಳಿದೆ, ನಾಳೆಯಿಂದ ನಾನೂ ಇಲ್ಲ, ಬದಲಿಯೂ ಇಲ್ಲ.

"ಎಷ್ಟು ದಿನ?"

"ನಿಮ್ಮ ಮಗನನ್ನ ಕೇಳಿ."

ಬಾಗಿಲ ಕಡೆ ನೋಡಿದಳು. ಆಮೇಲೆ, "ಬೆಡ್‌ಪ್ಯಾನ್ ಎಲ್ಲಿಟ್ಟಿದ್ದೀಯ?"

"ಬಚ್ಚಲಲ್ಲಿ, ಬಾಗಿಲ ಹಿಂದೆ."

"ಅಲ್ಲೇ ಇರಲಿ. ಅವನೇ ಹುಡುಕಲಿ. ಐವತ್ತೆಂಟು ವರ್ಷ ಆಯ್ತು ಅವನಿಗೆ, ನಾನು ತೊಳೆದದ್ದು ಲೆಕ್ಕ ಇಲ್ಲ." ಗೋಡೆಯ ಕಡೆ ಮುಖ ಮಾಡಿದಳು. "ಬೆನ್ನಿಗೆ ಇನ್ನೊಂದು ಸಲ ಪೌಡರ್ ಹಾಕು. ಹುಣ್ಣಾದ್ರೆ ನಿನ್ನ ಸುಮ್ಮನೆ ಬಿಡಲ್ಲ."

ಹಾಕಿದೆ. ಎರಡು ಸಲ ಹಾಕಿದೆ.

ಜುಲೈ 14. ಸಂಜೆ

ಗೇಟಿನ ಹತ್ತಿರ ಕೂತೆವು. ಒಬ್ಬರೂ ಒಳಗೆ ಹೋಗಲಿಲ್ಲ. ವಾಚ್‌ಮ್ಯಾನ್ ಚೀಟಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಆಕಳಿಸಿದ. ಹನ್ನೊಂದನೇ ಮಹಡಿಯಮ್ಮ ತನ್ನ ಕಸದ ಚೀಲ ತಾನೇ ಇಳಿಸಿದಳು. ಮನೆಯವರ ಲಿಫ್ಟಿನಲ್ಲಿ.

ಏಳನೇ ಮಹಡಿಯ ಪರದೆ ಎಳೆದೇ ಇತ್ತು.

ಜುಲೈ 15. ಸಂಜೆ

ಅದೇ. ಬಾಲ್ಕನಿಗಳಲ್ಲಿ ಬಟ್ಟೆ ಇಲ್ಲ. ಮಧ್ಯಾಹ್ನ ಸೆಕ್ರೆಟರಿ ಔಷಧಿ ಅಂಗಡಿಗೆ ಹೋಗಿ ಬಂದ. ಟೈ ಇರಲಿಲ್ಲ. ತೋಳು ಮೊಣಕೈವರೆಗೆ ಮಡಿಸಿದ್ದ. ನನ್ನ ಎದುರು ನಿಂತ.

"ಅಜ್ಜಿ, ಅಮ್ಮನ್ನ ಮಗ್ಗುಲು ತಿರುಗಿಸೋದು ಹೇಗೆ? ಮುಟ್ಟಿದ್ರೆ ಕೂಗ್ತಾರೆ."

ಹೇಳಿದೆ. ಮೊದಲು ಮೊಣಕಾಲು ಮಡಿಸಬೇಕು, ಆಮೇಲೆ ಭುಜ ಹಿಡಿಯಬೇಕು, ದಿಂಬು ಬೆನ್ನಿಗೆ. ಎರಡು ಸಲ ಹೇಳಿಸಿಕೊಂಡ. ಹೋದ. ಈ ಸಲ ನನ್ನನ್ನು ಯಾರೂ ಆಡಿಕೊಳ್ಳಲಿಲ್ಲ.

ಜುಲೈ 16. ಮಧ್ಯಾಹ್ನ

ಸೆಕ್ರೆಟರಿಯ ಸಹಿ ಆಯಿತು. ಬಿಗಿಜಡೆಯ ಕಾರ್ಡ್ ಬಿಟ್ಟರು. ಇನ್ನು ಯಾರ ಕಾರ್ಡ್ ತಡೆಯುವುದಾದರೂ ಸಂಘದ ಇಬ್ಬರನ್ನು ಕೂರಿಸಿ ಮಾತಾಡಬೇಕು. ನಮ್ಮ ಲಿಫ್ಟು ಕೆಟ್ಟರೆ ಮನೆಯವರ ಲಿಫ್ಟು. ಎಲ್ಲ ಕಾಗದದ ಮೇಲೆ.

ಒಂದು ಷರತ್ತು. ಒಂದನೇ ತಾರೀಖಿಗೆ ಕಾರ್ಡುಗಳ ಹೊಸ ಪಟ್ಟಿ ಹಾಕುತ್ತಾರೆ. ಹೊಸ ಕಾರ್ಡಿಗೆ ಬೆರಳ ಗುರುತೂ ಬೇಕಂತೆ, ಅಷ್ಟರೊಳಗೆ ಅವಳೇ ಬಂದು ಮೆಷಿನ್ನಿಗೆ ಬೆರಳು ಒತ್ತಬೇಕು. ಒತ್ತದಿದ್ದರೆ ಹೆಸರು ಹೋಗುತ್ತದೆ. ಬದಲಿ ನಡೆಯುವುದಿಲ್ಲ.

ಎಲ್ಲರೂ ಕುಣಿದರು. ನಾನು ಊಟ ಮಾಡಿದೆ. ಪಾತ್ರೆ ತೊಳೆದೆ. ನಮ್ಮ ಮನೆಯದು.

ಜುಲೈ 19

ಫೋನ್ ಸ್ವಿಚ್ ಆಫ್. ಮೇಡಂ ಮಾಡಿದರೂ ಅಷ್ಟೇ.

ಜುಲೈ 22. ಸಂಜೆ

ಬಿಗಿಜಡೆಯ ಪಕ್ಕದವಳು ಅಕ್ಕನ ವಿಳಾಸ ಕೊಟ್ಟಳು, ಕ್ಯಾಲೆಂಡರಿನ ಹಿಂದೆ ಗೀಚಿಟ್ಟಿದ್ದು. ಅಲ್ಲಿ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಳಂತೆ, ಮುನ್ನೂರು ತಟ್ಟೆ, ನಿಂತುಕೊಂಡೇ. ಆ ಮೊಣಕಾಲಿನಲ್ಲಿ.

ನಾನೇ ಹೋಗಿ ಕರೆತರುತ್ತೇನೆ ಎಂದೆ. ಒಂದೂವರೆ ದಿನದ ದಾರಿ, ಈ ಕಾಲಲ್ಲಿ ಎಲ್ಲಿಗೆ ಎಂದಳು ಸೊಸೆ. ಕಾಗದ ಬರೆಯಿರಿ, ಬೆಳಿಗ್ಗೆ ನಾನು ಹಾಕಿ ಬರ್ತೀನಿ ಎಂದಳು.

ಜುಲೈ 23. ಬೆಳಿಗ್ಗೆ 5:00

ಮೊದಲು ಇಲ್ಲಿ ಬರೆದು ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ.

ಬಿಗಿಜಡೆಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಮುನ್ನೂರು ತಟ್ಟೆ ತೊಳೆಯುವವಳು ಹೇಗಿರುತ್ತಾಳೆ ಎಂದು ನನಗೆ ಗೊತ್ತು.

ನಿನ್ನ ಕಾರ್ಡ್ ಬಿಟ್ಟಿದ್ದಾರೆ. ಮೂರು ದಿನ ಯಾರೂ ಒಳಗೆ ಹೋಗಲಿಲ್ಲ. ನಾವೂ ಹೋಗಲಿಲ್ಲ, ಬದಲಿಯವರೂ ಹೋಗಲಿಲ್ಲ. ಹನ್ನೊಂದನೇ ಮಹಡಿಯನ್ನು ಬಿಡು, ಅಲ್ಲಿಗೆ ಯಾರೂ ಹೋಗುವುದಿಲ್ಲ. ಉಳಿದ ನಾಲ್ಕು ಮನೆಯನ್ನು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದೇವೆ, ನಿನ್ನ ಬದಲಿ ಎಂದೇ ಚೀಟಿ ಬರೆಸಿ. ಒಂದನೇ ತಾರೀಖಿನೊಳಗೆ ನೀನೇ ಬಂದು ಬೆರಳು ಒತ್ತಬೇಕು. ಆಮೇಲೆ ಯಾರ ಕೈಲೂ ಆಗುವುದಿಲ್ಲ.

ಅವತ್ತು ನನ್ನ ಸೊಸೆ ತಾನಾಗಿ ಬಂದದ್ದಲ್ಲ. ನಾನು ಕಳಿಸಿದೆ. ಬೇಕೆಂದು ಕಳಿಸಲಿಲ್ಲ ಎಂದು ಬರೆಯಬಹುದು, ಅದು ನಿಜ ಕೂಡ. ಆದರೆ ಅದರಿಂದ ನಿನಗೇನು ಬಂತು? ಬಾಯಿ ಹೇಳಿತು. ಬಾಯಿ ನನ್ನದೇ. ನೀನು ಬೈಯಬೇಕಿತ್ತು. ಎಲ್ಲರ ಎದುರು ಬೈದು ಹೋಗಬೇಕಿತ್ತು. ಬೈದಿದ್ದರೆ ನಾನು ಎರಡು ಮಾತು ತಿರುಗಿ ಬೈಯುತ್ತಿದ್ದೆ, ಸಾಯಂಕಾಲಕ್ಕೆ ಸರಿ ಹೋಗುತ್ತಿತ್ತು. ಬೋರ್ಡು ಗೋಡೆಗೆ ತಿರುಗಿಸಿಟ್ಟು ಹೋದೆ. ಅದಕ್ಕೆ ನಾನು ಏನೆಂದು ಉತ್ತರ ಕೊಡಲಿ?

ಬಂದರೆ ನನ್ನ ಜೊತೆ ಮಾತಾಡಬೇಕಾಗಿಲ್ಲ. ಬೇರೆ ಮೆಟ್ಟಿಲ ಮೇಲೆ ಊಟ ಮಾಡು. ಬರುವುದಿಲ್ಲ ಎಂದರೆ ಅದನ್ನೇ ಬರೆ, ನಾಲ್ಕು ಮನೆಯವರಿಗೆ ನಾನೇ ಹೇಳುತ್ತೇನೆ. ನಿನಗೆ ಬರೆಯಲು ಬರುತ್ತದೆ, ನನಗಿಂತ ಒಂದು ಕ್ಲಾಸು ಹೆಚ್ಚೇ ಓದಿದ್ದೀಯ. ಅಕ್ಕನ ಕೈಲಿ ಬರೆಸಬೇಡ. ಏನಾದರೂ ಸರಿ, ಒಂದು ಸಾಲು, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಹಾಕು. ಹಾಕಲಿಲ್ಲವೋ, ಈ ಕಾಲಲ್ಲೇ ಹೊರಟು ಬರುತ್ತೇನೆ.